ದೋಣಿ ಎಳೆದವರ ದಾರಿಯಲ್ಲಿ ಮೂರು ದಿನ

ಫ್ರಾನ್ಸಿನ ಲೊಟ್ ನದಿ ದಂಡೆಗೆ ನಾನು ಮೊದಲ ಸಲ ಹೋಗಿದ್ದು ಗೆಳೆಯರ ಕಾರಿನಲ್ಲಿ. ಸೇನ್ ಸಿರ್ಕ್ ಲಪೋಪಿ ಅನ್ನುವ ಊರಿನ ಮೇಲೆ ಗಾಡಿ ನಿಲ್ಲಿಸಿ, ಒಂದು ಗಂಟೆ ಓಡಾಡಿ, ಫೋಟೊ ತೆಗೆದುಕೊಂಡು ವಾಪಸ್ ಬಂದೆವು. ಚೆಂದ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅಷ್ಟು ಎತ್ತರದ ಬಂಡೆ ಮೇಲೆ ಯಾಕೆ ಊರು ಕಟ್ಟಿಕೊಂಡರು, ಏನು ಮಾಡಿ ಬದುಕಿದರು ಅನ್ನುವುದು ಒಂದೂ ತಿಳಿಯಲಿಲ್ಲ. ಅದು ತಿಳಿದದ್ದು ಎರಡು ವರ್ಷ ಬಿಟ್ಟು, ಅಪ್ಪನ ಜೊತೆ ನದಿ ಹಿಡಿದು ನಡೆದು, ಕೆಳಗಿನಿಂದ ಊರು ಹತ್ತಿದಾಗ.

ನಾನಿರುವುದು ತುಲೂಸ್‌ನಲ್ಲಿ, ವಿಮಾನದ ಬಿಡಿಭಾಗಗಳ ಕೆಲಸ. ಅಪ್ಪ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಏಪ್ರಿಲ್‌ನಲ್ಲಿ ನನ್ನ ಹತ್ತಿರ ಬಂದಿದ್ದರು. ಪ್ಯಾರಿಸ್ ತೋರಿಸಿದ್ದಾಗಿತ್ತು. ಇನ್ನೊಂದು ಪಟ್ಟಣ ಬೇಡ, ನೀರಿರುವ ಕಡೆ ಕರ್ಕೊಂಡು ಹೋಗು ಅಂದರು.

ತುಲೂಸ್‌ನಿಂದ ಕಾಓರ್‌ಗೆ ರೈಲಿನಲ್ಲಿ ಒಂದೂವರೆ ತಾಸಿನ ಆಸುಪಾಸು. ಅಲ್ಲಿಂದ ಲೊಟ್ ಕಣಿವೆಯ ಗುಂಟ ಫಿಜಾಕ್ ಕಡೆಗೆ ಬಸ್ಸಿದೆ. ಮೊದಲು ಈ ಕಣಿವೆಯಲ್ಲಿ ರೈಲೇ ಓಡುತ್ತಿತ್ತು, ಈಗ ಬಸ್ಸೇ ಗತಿ. ಬುಝಿಯೆಸ್ ಹತ್ತಿರ ಇಳಿದು, ಸೇತುವೆ ದಾಟಿ, ನದಿಯ ಎಡದಂಡೆಗೆ ಬಂದರೆ ಅಲ್ಲಿಂದ ಕಾಲುದಾರಿ ಶುರು. ದಾರಿ ತಪ್ಪುವ ಭಯ ಬೇಡ. ಮರ, ಕಲ್ಲು, ಕಂಬದ ಮೇಲೆ ಬಿಳಿ ಮತ್ತು ಕೆಂಪು ಪಟ್ಟಿ ಒಂದರ ಕೆಳಗೊಂದು ಬಳಿದಿರುತ್ತಾರೆ. ಅದು ಕಂಡರೆ ಸರಿ ಇದ್ದೀರಿ. ಅದೇ ಎರಡು ಬಣ್ಣ ಅಡ್ಡಡ್ಡ ಕತ್ತರಿಯಂತೆ ಬಳಿದಿದ್ದರೆ ಅತ್ತ ಹೋಗಬೇಡಿ ಅಂತ ಅರ್ಥ. ಅಪ್ಪನಿಗೆ ಒಂದಕ್ಷರ ಫ್ರೆಂಚ್ ಬಾರದು, ಅರ್ಧ ಗಂಟೆಯಲ್ಲಿ ಅವರೇ ಮುಂದೆ, ನಾನು ಹಿಂದೆ.

ಸ್ವಲ್ಪ ದೂರ ನದಿ ಪಕ್ಕದ ಹುಲ್ಲಿನಲ್ಲಿ ನಡೆಯುತ್ತೀರಿ. ಆಮೇಲೆ ಬಂಡೆ ಹತ್ತಿರ ಹತ್ತಿರ ಬರುತ್ತದೆ. ಗನಿಲ್ ಅನ್ನುವ ಕಡೆ ದಂಡೆ ಅನ್ನುವುದೇ ಇಲ್ಲ, ಸುಣ್ಣಕಲ್ಲಿನ ಗೋಡೆ ನೇರ ನೀರಿಗೆ ಇಳಿಯುತ್ತದೆ. ಅಲ್ಲಿ ಬಂಡೆಯ ಹೊಟ್ಟೆಯನ್ನೇ ಕಡಿದು ದಾರಿ ಮಾಡಿದ್ದಾರೆ. ಮೇಲೆ ಕಲ್ಲು, ಒಂದು ಪಕ್ಕ ಕಲ್ಲು, ಕಾಲಡಿ ಕಲ್ಲು, ಇನ್ನೊಂದು ಪಕ್ಕ ಮಾತ್ರ ತೆರೆದ ಹಸಿರು ನೀರು.

ಅಪ್ಪ ಅಲ್ಲೇ ನಿಂತುಬಿಟ್ಟರು. ಕಲ್ಲು ಕಂಡರೆ ಮುಟ್ಟದೆ ಮುಂದೆ ಹೋಗುವವರಲ್ಲ ಅವರು. ಗೋಡೆಯ ಮೇಲೆ ಓರೆಯಾಗಿ ಸಾಲು ಸಾಲು ಗೀರುಗಳಿದ್ದವು. ಒಂದು ಗೀರಿನೊಳಗೆ ಬೆರಳಿಟ್ಟು ಮೇಲಿಂದ ಕೆಳಕ್ಕೆ ಎಳೆದರು. ಮತ್ತೆ ಇನ್ನೊಂದಕ್ಕೆ ಇಟ್ಟರು.

‘ನಮ್ಮ ಶಹಾಬಾದಿ ಕಲ್ಲಿನ ಜಾತಿನಾ ಇದು. ಏನಪಾ, ಇಷ್ಟೂ ಮಂದಿ ಕೈಲೆ ಕಡದಾರ?’

‘ಹೂಂ ಅಪ್ಪ. 1840ರ ಆಸುಪಾಸಿನ ಕೆಲಸ.’

‘ಯಾತಕ್ಕ?’

ಕೇಳಬೇಕಾದ ಪ್ರಶ್ನೆಯೇ ಅದು. ಆ ಕಾಲಕ್ಕೆ ಇಲ್ಲಿ ರೈಲಿಲ್ಲ, ಸರಿಯಾದ ರಸ್ತೆಯೂ ಇಲ್ಲ. ಸರಕೆಲ್ಲ ನದಿಯ ಮೇಲೆ, ಚಪ್ಪಟೆ ತಳದ ದೋಣಿಗಳಲ್ಲಿ. ಗಬಾರ್ ಅಂತ ಅವುಗಳ ಹೆಸರು. ಕಾಓರ್ ಸೀಮೆಯ ದ್ರಾಕ್ಷಾರಸದ ಪೀಪಾಯಿಗಳು ಲೊಟ್‌ನಲ್ಲಿ ತೇಲಿ, ಗರೋನ್ ನದಿ ಸೇರಿ, ಬೋರ್ದೋ ಬಂದರಿನ ತನಕ ಹೋಗುತ್ತಿದ್ದವು. ಹೋಗುವಾಗ ಹರಿವೇ ಒಯ್ಯುತ್ತದೆ. ಉಪ್ಪು, ಒಣಮೀನು ಹೇರಿಕೊಂಡು ವಾಪಸ್ ಬರುವಾಗ ಹರಿವಿನ ಎದುರು ಬರಬೇಕು. ಆಗ ದಂಡೆ ಮೇಲಿಂದ ಹಗ್ಗ ಕಟ್ಟಿ ಎಳೆಯಬೇಕಿತ್ತು, ಮನುಷ್ಯರು ಇಲ್ಲವೇ ದನ, ಕುದುರೆ. ದಂಡೆಯೇ ಇಲ್ಲದ ಕಡೆ ಎಳೆಯುವವರು ಕಾಲಿಡುವುದೆಲ್ಲಿ? ಹಾಗಾಗಿ ಬಂಡೆ ಕಡಿದರು. ಇಷ್ಟು ಕಷ್ಟಪಟ್ಟ ಮೇಲೆ ನಲವತ್ತೇ ವರ್ಷ. 1886ರಲ್ಲಿ ಕಣಿವೆಗೆ ರೈಲು ಬಂತು, ದೋಣಿ ಕೆಲಸ ಕುಸಿಯಿತು. ಈಗ ಆ ರೈಲೂ ಇಲ್ಲ. ಕಾಲುದಾರಿ ಮಾತ್ರ ಉಳಿದಿದೆ.

ಇದನ್ನು ಹೇಳಿದಾಗ ಅಪ್ಪ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಚಾವಣಿ ತಗ್ಗಿದ್ದ ಕಡೆ ತಲೆ ಬಗ್ಗಿಸಿಕೊಂಡು ನಡೆದರು. ಮುಂದೆ ಗೋಡೆ ಮೇಲೆ ಮೀನು, ಚಿಪ್ಪು, ಜೊಂಡು ಎಲ್ಲ ಒಂದಕ್ಕೊಂದು ಹೆಣೆದುಕೊಂಡ ಉದ್ದನೆಯ ಕೆತ್ತನೆ ಇದೆ. ಅದು ಹಳೆಯದಲ್ಲ, 1980ರ ದಶಕದಲ್ಲಿ ದಾನಿಯೆಲ್ ಮೊನಿಯೆ ಅನ್ನುವ ಶಿಲ್ಪಿ ಮಾಡಿದ್ದು. ಬಹಳ ಜನ ಅದರ ಮುಂದೆಯೇ ನಿಂತು ಫೋಟೊ ತೆಗೆಯುತ್ತಾರೆ. ನನಗೆ ಮಾತ್ರ ಅದಕ್ಕಿಂತ ಆ ಹೆಸರಿಲ್ಲದವರ ಉಳಿಗೀರುಗಳೇ ಜಾಸ್ತಿ ಹಿಡಿಸಿದವು.

ಬುಝಿಯೆಸ್‌ನಿಂದ ಸೇನ್ ಸಿರ್ಕ್‌ಗೆ ನಾಲ್ಕು ಕಿಲೋಮೀಟರ್ ಹತ್ತಿರ. ಕೊನೆಯದು ಏರು. ತಲೆಯೆತ್ತಿದರೆ ಬಂಡೆ ತುದಿಯಲ್ಲಿ ಚರ್ಚು, ಅದರ ಕೆಳಗೆ ಕಡಿದಾದ ಹೆಂಚಿನ ಮಾಡುಗಳು. ಕೆಳಗಿನಿಂದ ಹತ್ತುವಾಗ ಊರಿನ ಲೆಕ್ಕ ತಾನಾಗೇ ಬಿಡಿಸಿಕೊಳ್ಳುತ್ತದೆ. ಮೇಲಿನ ಕೋಟೆಯಿಂದ ನದಿಯ ತಿರುವು ಎರಡೂ ಕಡೆ ಕಾಣುತ್ತದೆ, ಯಾವ ದೋಣಿಯೂ ಕಣ್ಣು ತಪ್ಪಿಸಿ ಹೋಗುವ ಹಾಗಿಲ್ಲ. ಊರಿನವರ ದೊಡ್ಡ ಕಸುಬು ಮರದ ತಿರುಗಣೆ ಕೆಲಸ. ಸುತ್ತಲಿನ ಗುಡ್ಡಗಳಲ್ಲಿ ಬಾಕ್ಸ್‌ವುಡ್ ಅನ್ನುವ ಗಟ್ಟಿ ಗಿಡ ಬೆಳೆಯುತ್ತದೆ. ಅದರಿಂದ ಪೀಪಾಯಿಗೆ ಹಾಕುವ ನಲ್ಲಿ ಮಾಡುತ್ತಿದ್ದರು. ಪೀಪಾಯಿ ನದಿಯಲ್ಲಿ, ನಲ್ಲಿ ಬಂಡೆ ಮೇಲೆ. ಕಾರಿನಲ್ಲಿ ಬಂದಾಗ ಬರೀ ಚೆಂದದ ಮನೆಗಳಾಗಿ ಕಂಡಂಥವು ಈಗ ಅಂಗಡಿಗಳಾಗಿ, ಕಾರ್ಯಾಗಾರಗಳಾಗಿ ಕಂಡವು. ಬೀದಿಗೆ ತೆರೆದ ಅಗಲ ಕಮಾನುಗಳು ಯಾಕೆ ಅಂತ ಈಗ ಗೊತ್ತಾಯಿತು. ಕವಿ ಆಂದ್ರೆ ಬ್ರೆತೋನ್ 1950ರಲ್ಲಿ ಈ ಊರು ನೋಡಿ, ಮರುವರ್ಷವೇ ಮನೆ ಕೊಂಡು, ಸಾಯುವ ತನಕ ಬೇಸಿಗೆಯಲ್ಲಿ ಇಲ್ಲಿಗೆ ಬರುತ್ತಿದ್ದ. ಆ ಮನೆಯೂ ಇದೆ.

ಸಂಜೆ ಐದರ ಮೇಲೆ ಪ್ರವಾಸಿ ಬಸ್ಸುಗಳು ಹೊರಟುಹೋಗುತ್ತವೆ. ಹಾಗಾಗಿ ಒಂದು ರಾತ್ರಿ ಇಲ್ಲೇ ಉಳಿಯಿರಿ ಅಂತ ನನ್ನ ಸಲಹೆ. ಬರೀ ನಮ್ಮ ಹೆಜ್ಜೆ ಸದ್ದು, ಕೆಳಗೆ ನದಿಯ ಸದ್ದು, ಅಷ್ಟೇ.

ಊಟದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಸೀಮೆಯಲ್ಲಿ ಬಾತುಕೋಳಿ ಇಲ್ಲದ ಅಡುಗೆ ಕಡಿಮೆ. ನಾವು ಸಸ್ಯಾಹಾರಿಗಳು. ರೊಕಮಾದೂರ್ ಅನ್ನುವ ಪುಟ್ಟ ಬಿಲ್ಲೆಯಂಥ ಮೇಕೆ ಹಾಲಿನ ಚೀಸ್, ಅಕ್ರೋಟು ಹಾಕಿದ ಸೊಪ್ಪಿನ ಸಲಾಡ್, ಬ್ರೆಡ್ಡು ಎಲ್ಲ ಕಡೆ ಸಿಗುತ್ತದೆ, ರುಚಿಯೂ ಚೆನ್ನಾಗಿದೆ. ಆದರೂ ಚಪಾತಿ ಮತ್ತು ಶೇಂಗಾ ಚಟ್ನಿಪುಡಿ ಕಟ್ಟಿಕೊಂಡಿದ್ದು ಒಳ್ಳೆಯದೇ ಆಯಿತು. ಮಧ್ಯಾಹ್ನ ಹನ್ನೆರಡರಿಂದ ಎರಡರ ತನಕ ಹಳ್ಳಿಯ ಅಂಗಡಿಗಳು ಮುಚ್ಚಿರುತ್ತವೆ. ಎರಡಾದ ಮೇಲೆ ಹೋಟೆಲಿನಲ್ಲಿ ಊಟ ಕೇಳಿದರೆ ಸಿಗುವುದು ಕಷ್ಟ. ನೀರು ತಲಾ ಎರಡು ಲೀಟರ್ ಇರಲಿ.

ಮರುದಿನ, ಆದಿಮಾನವರ ಚಿತ್ರಗಳಿರುವ ಪೆಶ್ ಮೆರ್ಲ್ ಗುಹೆಗೆ ಬಸ್ಸಿನಲ್ಲಿ ಅರ್ಧ ದಾರಿ ಹೋಗುವುದು ಅಂತ ನನ್ನ ಯೋಜನೆ. ನಿಲ್ದಾಣದಲ್ಲಿ ಒಂದು ಗಂಟೆ ಕಾದೆವು, ಬಸ್ಸು ಬರಲಿಲ್ಲ. ವೇಳಾಪಟ್ಟಿಯನ್ನು ಮತ್ತೆ ಓದಿದೆ. ಆ ಬಸ್ಸು ಶಾಲೆ ನಡೆಯುವ ದಿನಗಳಲ್ಲಿ ಮಾತ್ರ, ಅದು ಶಾಲೆಗೆ ರಜೆಯ ವಾರ. ಈ ಭಾಗದಲ್ಲಿ ಬಸ್ಸು ನಂಬುವವರು ಆ ಸಣ್ಣ ಅಕ್ಷರದ ಟಿಪ್ಪಣಿ ಓದಲೇಬೇಕು. ಗುಹೆಯ ಟಿಕೆಟ್ ಮಧ್ಯಾಹ್ನದ್ದಿತ್ತು. ಅಪ್ಪ ಚೀಲ ಹೆಗಲಿಗೇರಿಸಿ, ‘ಬಂದ ದಾರಿ ಗೊತ್ತೈತಲ್ಲ, ನಡಿ’ ಅಂದರು. ಅದೇ ಕಡಿದ ಬಂಡೆಯ ಕೆಳಗೆ ಮತ್ತೆ ನಡೆದೆವು. ಬೆಳಗಿನ ಬಿಸಿಲು ನೀರಿಗೆ ಬಿದ್ದು, ಅಲ್ಲಿಂದ ಚಾವಣಿಗೆ ಹಾರಿ ಅಲುಗಾಡುತ್ತಿತ್ತು. ಹಿಂದಿನ ದಿನ ಅದು ಇರಲಿಲ್ಲ.

ಬುಝಿಯೆಸ್ ದಾಟಿದರೆ ಲೊಟ್‌ಗೆ ಇನ್ನೊಂದು ಸಣ್ಣ ನದಿ ಸೇರುತ್ತದೆ. ಅದರ ಹೆಸರು ಸೆಲೆ. ನಮ್ಮ ಸೆಲೆಗೂ ಅದಕ್ಕೂ ಸಂಬಂಧ ಏನಿಲ್ಲ, ಆದರೂ ಅಪ್ಪನಿಗೆ ಆ ಹೆಸರು ಕೇಳಿ ಖುಷಿಯೋ ಖುಷಿ. ಅದರ ಕಣಿವೆ ಹಿಡಿದು ಕಬ್ರೆರೆ ಹಳ್ಳಿ, ಅಲ್ಲಿಂದ ಗುಡ್ಡದ ಮೇಲೆ ಗುಹೆ.

1922ರಲ್ಲಿ ಊರಿನ ಇಬ್ಬರು ಹುಡುಗರು, ಆಂದ್ರೆ ದಾವಿದ್ ಮತ್ತು ಹಾಂರಿ ದ್ಯುತೆರ್ತ್ರ್, ಒಳಗೆ ತೆವಳಿಕೊಂಡು ಹೋಗಿ ಚಿತ್ರಗಳನ್ನು ಕಂಡರು. ಹಳ್ಳಿಯ ಪಾದ್ರಿ ಲೆಮೋಜಿ ಈ ಹುಡುಗರ ಬೆನ್ನಿಗಿದ್ದರು. 1926ರಿಂದ ಜನರಿಗೆ ಪ್ರವೇಶವಿದೆ. ಇಂಥದೇ ಚಿತ್ರಗಳಿಗೆ ಹೆಸರಾದ, ಫ್ರಾನ್ಸಿನದೇ ಲಾಸ್ಕೋದಲ್ಲಿ ಮೂಲ ಗುಹೆಗೆ 1963ರಿಂದಲೇ ಪ್ರವಾಸಿಗರನ್ನು ಬಿಡುವುದಿಲ್ಲ, ಇಲ್ಲಿ ಅಸಲಿ ಗುಹೆಗೇ ಬಿಡುತ್ತಾರೆ. ದಿನಕ್ಕೆ 700 ಜನರ ಮಿತಿ, ಹಾಗಾಗಿ ಟಿಕೆಟ್ ಮುಂಚೆಯೇ ಮಾಡಿಸಿ. ಒಳಗೆ ತಣ್ಣಗಿರುತ್ತದೆ, ಸ್ವೆಟರ್ ಬೇಕು. ಫೋಟೊ ತೆಗೆಯುವ ಹಾಗಿಲ್ಲ, ಅದು ಒಳ್ಳೆಯದೇ.

ಎರಡು ಕುದುರೆಗಳು, ಬೆನ್ನಿಗೆ ಬೆನ್ನು. ಮೈಮೇಲೆ, ಮೈಯ ಹೊರಗೂ ಕಪ್ಪು ಚುಕ್ಕೆ. ಸುಮಾರು 29,000 ವರ್ಷ ಹಿಂದಿನದು. ಬಲಗಡೆ ಕುದುರೆಯ ತಲೆ ಇರುವ ಜಾಗದಲ್ಲಿ ಬಂಡೆಯ ಅಂಚೇ ಕುದುರೆ ತಲೆಯ ಆಕಾರದಲ್ಲಿದೆ. ಕಲ್ಲಿನಲ್ಲಿ ಮೊದಲೇ ಇದ್ದ ಕುದುರೆಯನ್ನು ಯಾರೋ ಗುರುತು ಹಿಡಿದಿದ್ದಾರೆ. ಸುತ್ತ ಕೈಗಳ ಅಚ್ಚು, ಗೋಡೆಗೆ ಅಂಗೈ ಒತ್ತಿ ಮೇಲೆ ಬಣ್ಣ ಊದಿದ್ದು. ಚುಕ್ಕೆ ಕುದುರೆ ಬರೀ ಕಲ್ಪನೆ ಅಂತ ಬಹಳ ದಿನ ವಾದ ಇತ್ತು. 2011ರಲ್ಲಿ ಹಳೆಯ ಕುದುರೆ ಮೂಳೆಗಳ ಡಿಎನ್‌ಎ ನೋಡಿದಾಗ, ಆ ಕಾಲದಲ್ಲಿ ಚುಕ್ಕೆ ಮೈಯ ಕುದುರೆಗಳು ನಿಜವಾಗಿಯೂ ಇದ್ದವು ಅಂತ ಗೊತ್ತಾಯಿತು. ಅಪ್ಪ ತಮ್ಮ ಅಂಗೈಯನ್ನು ಗಾಳಿಯಲ್ಲೇ ಎತ್ತಿ, ದೂರದಿಂದ ಆ ಅಚ್ಚಿಗೆ ಹೊಂದಿಸಿ ನೋಡಿದರು. ನಾನೂ ನೋಡಿದೆ.

ಮೂರನೇ ದಿನ ಶನಿವಾರ, ಕಾಓರ್‌ನಲ್ಲಿ ಕೆಥೆಡ್ರಲ್ ಮುಂದೆ ಸಂತೆ. ಅಲ್ಲಿ ಹಣ್ಣು ಕೊಂಡು ವಲಾಂತ್ರೆ ಸೇತುವೆಗೆ ಹೋದೆವು. 1308ರಲ್ಲಿ ಶುರುವಾಗಿ 1378ಕ್ಕೆ ಮುಗಿದ ಕೆಲಸ, ಮೂರು ಎತ್ತರದ ಗೋಪುರಗಳು. ಎಪ್ಪತ್ತು ವರ್ಷ ಹಿಡಿದದ್ದಕ್ಕೆ ಊರಿನವರು ಒಂದು ಕಥೆ ಕಟ್ಟಿದ್ದಾರೆ. ಕಟ್ಟುವ ಮೇಸ್ತ್ರಿ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡನಂತೆ. ಹೇಳಿದ ಕೆಲಸವನ್ನೆಲ್ಲ ಸೈತಾನ ಮಾಡಿಕೊಡಬೇಕು, ಬದಲಿಗೆ ಮೇಸ್ತ್ರಿಯ ಆತ್ಮ ಅವನದು. ಕೆಲಸ ಮುಗಿಯುವ ಹೊತ್ತಿಗೆ ಮೇಸ್ತ್ರಿ, ಆಳುಗಳಿಗೆ ನೀರು ತಂದುಕೊಡು ಅಂತ ಅವನ ಕೈಗೆ ಜರಡಿ ಕೊಟ್ಟ. ಸೋತ ಸೈತಾನ ಪ್ರತಿ ರಾತ್ರಿ ನಡುಗೋಪುರದ ಒಂದು ಕಲ್ಲು ಕಿತ್ತುಹಾಕುತ್ತಿದ್ದ. 1879ರಲ್ಲಿ ಸೇತುವೆ ದುರಸ್ತಿ ಮಾಡಿದ, ಪೌಲ್ ಗೂ ಅನ್ನುವ ವಾಸ್ತುಶಿಲ್ಪಿ ಆ ಜಾಗಕ್ಕೆ ಸೈತಾನನ ಕೆತ್ತನೆ ಇರುವ ಕಲ್ಲನ್ನೇ ಕೂರಿಸಿದರು.

ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ ಅದು. ನಡುಗೋಪುರದ ಮೂಲೆಯಲ್ಲಿ, ತುಂಬಾ ಮೇಲೆ. ನಾನು ಹುಡುಕುತ್ತಲೇ ಇದ್ದೆ, ಅಪ್ಪ ಬೆರಳು ಮಾಡಿ ತೋರಿಸಿದರು. ಕಲ್ಲನ್ನು ಅಪ್ಪಿಕೊಂಡು, ಉಗುರು ಸಿಕ್ಕಿಸಿಕೊಂಡು ನೇತಾಡುತ್ತಿದ್ದಾನೆ. ಅಲ್ಲಿಂದ ಕೆಳಗಿಳಿದು, ನೀರಿನ ಪಕ್ಕ ಕೂತು, ಉಳಿದಿದ್ದ ಎರಡು ಚಪಾತಿ ತಿಂದೆವು. ಈ ನೀರು ಬೋರ್ದೋ ಮುಟ್ಟಲಿಕ್ಕೆ ಎಷ್ಟು ದಿನ ಬೇಕು ಅಂತ ಅಪ್ಪ ಕೇಳಿದರು. ರೈಲಿಗೆ ಇನ್ನೂ ಒಂದು ಗಂಟೆ ಇತ್ತು.