ಬಯಾಪ್ಸಿ ರಿಪೋರ್ಟ್‌ನಲ್ಲಿರುವ 'ಡಿಫರೆನ್ಶಿಯೇಟೆಡ್' ಸಾಲನ್ನು ಓದುವುದು ಹೇಗೆ

ಕ್ಯಾನ್ಸರ್ ಇದೆಯಾ ಅಂತ ಗಡ್ಡೆಯ ಚೂರು ತೆಗೆದು ನೋಡಿದ ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ಕೊನೆಯ ಸಾಲುಗಳಿಗೆ. ಅಲ್ಲಿ 'ಮಾಡರೇಟ್ಲಿ ಡಿಫರೆನ್ಶಿಯೇಟೆಡ್' ಅಂತಲೋ 'ಪೂರ್ಲಿ ಡಿಫರೆನ್ಶಿಯೇಟೆಡ್' ಅಂತಲೋ ಇರುತ್ತದೆ. 'ಪೂರ್' ಅಂತ ಕಂಡರೆ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಸಾಲು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅಂತ ಗೊತ್ತಿದ್ದರೆ ಡಾಕ್ಟರ್ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಬಹುದು.

ಮೊದಲು ಕೋಶದ ವಿಷಯ. ನಮ್ಮ ದೇಹದಲ್ಲಿ ಎಳೆ ಕೋಶಗಳು ಬೆಳೆಯುತ್ತಾ ಒಂದೊಂದು ಕೆಲಸ ಕಲಿಯುತ್ತವೆ. ಕರುಳಿನ ಒಳಪದರದ ಕೋಶ ಲೋಳೆ ಸುರಿಸುತ್ತದೆ, ಚರ್ಮದ ಕೋಶ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ಮಾಡುತ್ತದೆ, ಥೈರಾಯ್ಡ್ ಕೋಶ ಅಯೋಡಿನ್ ಹೀರಿಕೊಂಡು ಹಾರ್ಮೋನ್ ಮಾಡುತ್ತದೆ. ಹೀಗೆ ಪಳಗುವುದೇ ಡಿಫರೆನ್ಶಿಯೇಷನ್. ಪೂರ್ತಿ ಪಳಗಿದ ಕೋಶ ಹೆಚ್ಚಾಗಿ ಒಡೆದು ಎರಡಾಗುವುದನ್ನು ನಿಲ್ಲಿಸಿಬಿಡುತ್ತದೆ. ಕ್ಯಾನ್ಸರ್‌ನಲ್ಲಿ ಕೆಡುವುದು ಈ ಏರ್ಪಾಡು. ಜೀನ್‌ಗಳಲ್ಲಿ ಒಂದರ ಮೇಲೊಂದು ಬದಲಾವಣೆ ಸೇರಿ, ಕೋಶಗಳು ಕೆಲಸವನ್ನು ಅರ್ಧಂಬರ್ಧ ಮಾಡುತ್ತಲೋ ಪೂರ್ತಿ ಬಿಟ್ಟೋ ಒಡೆಯುತ್ತಲೇ ಹೋಗುತ್ತವೆ.

ಹಾಗಾದರೆ ಚೂರನ್ನು ಪರೀಕ್ಷಿಸುವ ಡಾಕ್ಟರ್, ಅಂದರೆ ಪೆಥಾಲಜಿಸ್ಟ್, ಮೈಕ್ರೋಸ್ಕೋಪ್‌ನಲ್ಲಿ ನೋಡುವುದೇನು? ಈ ಟ್ಯೂಮರ್ (ಗಡ್ಡೆ) ತಾನು ಹುಟ್ಟಿದ ಜಾಗದ ಅಂಗಾಂಶವನ್ನು ಎಷ್ಟರ ಮಟ್ಟಿಗೆ ಹೋಲುತ್ತದೆ ಅನ್ನೋದನ್ನು. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಕೋಶಗಳು ಇನ್ನೂ ಉಂಗುರದ ಹಾಗೆ ಸುತ್ತುಗಟ್ಟಿ ಗ್ರಂಥಿಗಳನ್ನು ಕಟ್ಟುತ್ತಿದ್ದರೆ ವೆಲ್ ಡಿಫರೆನ್ಶಿಯೇಟೆಡ್. ಗ್ರಂಥಿಯ ಆಕಾರವೇ ಇಲ್ಲದೆ ಹಾಳೆಯಂತೆ ಹರಡಿದ್ದರೆ ಪೂರ್ಲಿ ಡಿಫರೆನ್ಶಿಯೇಟೆಡ್. ಬಾಯಿಯ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಸ್ಕ್ವೇಮಸ್ ಕ್ಯಾನ್ಸರ್‌ನಲ್ಲಾದರೆ 'ಕೆರಾಟಿನ್ ಪರ್ಲ್' ಅಂತ ಬರೆದಿದೆಯಾ ನೋಡಿ. ಕೋಶಗಳು ಸುತ್ತಿಕೊಂಡು ನಡುವೆ ಕೆರಾಟಿನ್ ತುಂಬಿದ ಗುಲಾಬಿ ಬಣ್ಣದ ಉಂಡೆಗಳವು, ಹಳೇ ಕೆಲಸ ಇನ್ನೂ ನಡೆಯುತ್ತಿದೆ ಅನ್ನೋದಕ್ಕೆ ಗುರುತು.

ಇದೇ ಲೆಕ್ಕವನ್ನು ಅಂಕಿಯಲ್ಲಿ ಬರೆದರೆ ಗ್ರೇಡ್. ಸ್ತನದ ಕ್ಯಾನ್ಸರ್‌ನಲ್ಲಿ ಮೂರು ವಿಷಯಕ್ಕೆ 1ರಿಂದ 3 ಅಂಕ ಕೊಡುತ್ತಾರೆ: ಕೋಶಗಳು ಕೊಳವೆ ಕಟ್ಟುತ್ತಿವೆಯಾ, ನ್ಯೂಕ್ಲಿಯಸ್ ಎಷ್ಟು ವಿಕಾರವಾಗಿದೆ, ಒಡೆಯುತ್ತಿರುವ ಕೋಶ ಎಷ್ಟು ಕಾಣುತ್ತಿವೆ. ಮೊತ್ತ 3ರಿಂದ 5 ಬಂದರೆ ಗ್ರೇಡ್ 1, 6 ಅಥವಾ 7 ಆದರೆ ಗ್ರೇಡ್ 2, 8 ಅಥವಾ 9 ಆದರೆ ಗ್ರೇಡ್ 3. ಪ್ರಾಸ್ಟೇಟ್‌ಗೆ ಗ್ಲೀಸನ್ ಸ್ಕೋರ್ ಇದೆ: ಕೋಶಗಳು ಜೋಡಿಸಿಕೊಂಡ ಎರಡು ವಿನ್ಯಾಸಗಳಿಗೆ ಕೊಟ್ಟ ಅಂಕಿಗಳ ಮೊತ್ತ, ಅಂಕಿ ಹೆಚ್ಚಿದಷ್ಟೂ ವಿನ್ಯಾಸ ಕೆಟ್ಟಿದೆ ಅಂತ. ಅಲ್ಲಿ 3+4 ಮತ್ತು 4+3 ಎರಡರ ಮೊತ್ತವೂ 7, ಆದರೆ ಎರಡೂ ಒಂದೇ ಅಲ್ಲ. ಮೊದಲ ಅಂಕಿ ಹೆಚ್ಚು ಜಾಗ ಹಿಡಿದಿರುವ ವಿನ್ಯಾಸದ್ದು, ಹಾಗಾಗಿ 4+3 ಜಾಸ್ತಿ ಜೋರಿನದು. ಬರೀ '7' ಅಂತ ನೆನಪಿಟ್ಟುಕೊಳ್ಳಬೇಡಿ, ಎರಡೂ ಅಂಕಿ ಬರೆದುಕೊಳ್ಳಿ.

ಗ್ರೇಡ್ ಬೇರೆ, ಸ್ಟೇಜ್ ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಗ್ರೇಡ್ ಅಂದರೆ ಕೋಶದ ಸ್ವಭಾವ. ಸ್ಟೇಜ್ ಅಂದರೆ ಅದು ಎಲ್ಲಿಯವರೆಗೆ ಹೋಗಿದೆ ಅನ್ನೋದು. ಗ್ರೇಡ್ 3 ಇದ್ದೂ ಸ್ಟೇಜ್ 1 ಇರಬಹುದು. ಸ್ಟೇಜ್ ತಿಳಿಯಲು ಹೆಚ್ಚಾಗಿ ಸ್ಕ್ಯಾನ್, ಆಪರೇಷನ್, ಲಿಂಫ್ ನೋಡ್ (ದುಗ್ಧಗ್ರಂಥಿ) ಪರೀಕ್ಷೆ ಬೇಕಾಗುತ್ತದೆ. ಬಯಾಪ್ಸಿಯ ಚಿಕ್ಕ ಚೂರು ನೋಡಿ ಅದನ್ನು ಊಹಿಸಲು ಹೋಗಬೇಡಿ.

ಇನ್ನು ಬೆಳವಣಿಗೆ. ಗಡ್ಡೆ 1 ಸೆಂ.ಮೀ. ಆಗುವಷ್ಟರಲ್ಲಿ ಅದರಲ್ಲಿ ಸುಮಾರು 100 ಕೋಟಿ ಕೋಶಗಳಿರುತ್ತವೆ ಅನ್ನೋದು ರೂಢಿಯ ಲೆಕ್ಕ. ಒಂದೇ ಕೋಶದಿಂದ ಅಲ್ಲಿಗೆ ಮುಟ್ಟಲು ಸುಮಾರು 30 ಸಲ ದುಪ್ಪಟ್ಟಾದರೆ ಸಾಕು. ಆದರೆ ನಿಜದಲ್ಲಿ ಹುಟ್ಟಿದ ಕೋಶಗಳಲ್ಲಿ ಎಷ್ಟೋ ಸಾಯುತ್ತಿರುತ್ತವೆ, ಆಕ್ಸಿಜನ್ ಸಾಲುವುದಿಲ್ಲ, 1-2 ಮಿ.ಮೀ. ದಾಟಬೇಕಾದರೆ ಗಡ್ಡೆ ರಕ್ತನಾಳಗಳನ್ನು ತನ್ನ ಕಡೆಗೆ ಬೆಳೆಸಿಕೊಳ್ಳಬೇಕು, ಹೀಗಾಗಿ ವೇಗ ಒಂದೇ ಸಮ ಇರುವುದಿಲ್ಲ. ರಕ್ತನಾಳದ ಈ ಮಾತನ್ನು ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲೇ ಮುಂದಿಟ್ಟಿದ್ದರು.

ರಿಪೋರ್ಟ್‌ನಲ್ಲಿ ವೇಗದ ಸುಳಿವು ಸಿಗುವುದು ಎರಡು ಕಡೆ: ಮೈಟೋಸಿಸ್ ಎಣಿಕೆ (ಒಡೆಯುತ್ತಿರುವ ಕೋಶಗಳ ಲೆಕ್ಕ) ಮತ್ತು ಕೆಐ-67. ಕೆಐ-67 ಒಂದು ಪ್ರೋಟೀನ್. ಒಡೆಯುವ ಹಾದಿಯಲ್ಲಿರುವ ಕೋಶಗಳಲ್ಲಿ ಇರುತ್ತದೆ, ಸುಮ್ನೆ ಕೂತ ಕೋಶದಲ್ಲಿ ಇರುವುದಿಲ್ಲ. 20% ಅಂದರೆ 100 ಟ್ಯೂಮರ್ ಕೋಶಗಳಲ್ಲಿ 20ಕ್ಕೆ ಈ ಪ್ರೋಟೀನನ್ನು ತೋರಿಸುವ ಬಣ್ಣ ಹತ್ತಿದೆ ಅಂತ. ಒಂದು ಅಂಗದ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ, ಪ್ರತಿ ಕ್ಯಾನ್ಸರ್‌ಗೂ ಅಳತೆ ಬೇರೆ.

ಪೂರ್ಲಿ ಡಿಫರೆನ್ಶಿಯೇಟೆಡ್ ಅಂದರೆ ಸಾಮಾನ್ಯವಾಗಿ ಜೋರಾಗಿ ಬೆಳೆಯುವ ಕಾಯಿಲೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಚಿಕಿತ್ಸೆಗೆ ಬಗ್ಗುವುದಿಲ್ಲ ಅಂತ ಅರ್ಥ ಅಲ್ಲ. ಹೆಚ್ಚಿನ ಕೀಮೋ ಮದ್ದುಗಳು ಹೊಡೆಯುವುದೇ ಒಡೆಯುತ್ತಿರುವ ಕೋಶಗಳನ್ನು. ಬರ್ಕಿಟ್ ಲಿಂಫೋಮಾ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್ ಬಹಳ ವೇಗವಾಗಿ ಬೆಳೆಯುತ್ತದೆ, ಆದರೂ ಅದನ್ನು ಎಷ್ಟೋ ಜನರಲ್ಲಿ ಪೂರ್ತಿ ಗುಣಪಡಿಸಲು ಆಗುತ್ತದೆ. ಅದೇ ಥೈರಾಯ್ಡ್‌ನಲ್ಲಿ ಕಥೆ ಬೇರೆ: ಪಳಗಿದ ಪ್ಯಾಪಿಲರಿ ಕ್ಯಾನ್ಸರ್ ಕೋಶ ಹಳೇ ಅಭ್ಯಾಸದಂತೆ ಅಯೋಡಿನ್ ಹೀರುವುದರಿಂದ ರೇಡಿಯೋ ಅಯೋಡಿನ್ ಕೊಟ್ಟು ಅದನ್ನು ಕೊಲ್ಲಬಹುದು, ಪಳಗುವಿಕೆಯನ್ನು ಪೂರ್ತಿ ಕಳೆದುಕೊಂಡ ಅನಾಪ್ಲಾಸ್ಟಿಕ್ ಕೋಶ ಆ ಅಭ್ಯಾಸವನ್ನೇ ಬಿಟ್ಟಿರುತ್ತದೆ. ಇನ್ನು ಎಪಿಎಲ್ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ, ಪಳಗುವುದು ಅರ್ಧಕ್ಕೆ ನಿಂತ ಕೋಶಗಳನ್ನು ಎ ವಿಟಮಿನ್‌ಗೆ ಸಂಬಂಧಿಸಿದ ಅಟ್ರಾ ಮದ್ದು ಮುಂದಕ್ಕೆ ಬೆಳೆಸಿಬಿಡುತ್ತದೆ! ಚೀನಾದ ವಾಂಗ್ ಝೆನ್‌ಯಿ ತಂಡ 1988ರಲ್ಲಿ ಇದನ್ನು ಪ್ರಕಟಿಸಿತು. ಒಂದು ಕಾಲಕ್ಕೆ ದಿನಗಳಲ್ಲೇ ಜೀವ ತೆಗೆಯುತ್ತಿದ್ದ ಕಾಯಿಲೆ ಅದು. ಇಂದು ಬೇಗ ಗುರುತಿಸಿದರೆ ಬಹುತೇಕರು ಗುಣವಾಗುತ್ತಾರೆ.

ಡಾಕ್ಟರ್ ಹತ್ತಿರ ಹೋಗುವಾಗ ಇಷ್ಟು ಕೇಳಿ. ಇದು ಸೂಜಿ ಬಯಾಪ್ಸಿಯ ಗ್ರೇಡಾ, ಪೂರ್ತಿ ಗಡ್ಡೆ ತೆಗೆದ ಮೇಲಿನದಾ? ಒಂದೇ ಗಡ್ಡೆಯಲ್ಲಿ ಪಳಗಿದ ಭಾಗ, ಪಳಗದ ಭಾಗ ಎರಡೂ ಇರಬಹುದು, ಆಪರೇಷನ್ ನಂತರ ಗ್ರೇಡ್ ಬದಲಾಗುವುದೂ ಇದೆ. ಕೋಶ ಯಾವ ಅಂಗದ್ದು ಅಂತಲೇ ಗೊತ್ತಾಗದಿದ್ದರೆ ಐಎಚ್‌ಸಿ ಪರೀಕ್ಷೆ (ಕೋಶದ ಪ್ರೋಟೀನ್‌ಗಳಿಗೆ ಬಣ್ಣ ಹಚ್ಚಿ ಗುರುತಿಸುವುದು) ಮಾಡುತ್ತಾರೆ. ಆ ರಿಪೋರ್ಟ್ ಬರುವವರೆಗೆ ಮೊದಲ ರಿಪೋರ್ಟನ್ನೇ ಕೊನೆಯದು ಅಂದುಕೊಳ್ಳಬೇಡಿ. ಎರಡನೇ ಅಭಿಪ್ರಾಯ ಬೇಕಿದ್ದರೆ ಬರೀ ಕಾಗದ ಸಾಲದು, ಸ್ಲೈಡ್ ಮತ್ತು ಅಂಗಾಂಶದ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೇಳಿ ಪಡೆದುಕೊಳ್ಳಿ. ಬ್ಲಾಕನ್ನು ಬಿಸಿಲಲ್ಲಿ ಮಾತ್ರ ಇಡಬೇಡಿ, ಮೇಣ ಕರಗುತ್ತದೆ.