ತಿಂಗಳ ಹಣ ಬಾಡಿಗೆಯೋ, ಮನೆಯ ಬೆಲೆಯೋ?

ಕಲಬುರಗಿಯಲ್ಲಿ ಸಿವಿಲ್ ವಕೀಲಿ ಮಾಡುವ ನನ್ನ ಬಳಿಗೆ ಬಂದ ಮನೆ ತಕರಾರುಗಳಲ್ಲಿ ಆಳಂದ ರಸ್ತೆ ಕಡೆಯ ಈ ದಾವೆಗೆ ಪಟ್ಟಷ್ಟು ಶ್ರಮವನ್ನು ನಾನು ಬೇರೆ ಯಾವುದಕ್ಕೂ ಪಟ್ಟಿಲ್ಲ. ದಾಲ್ ಮಿಲ್ಲಿನಲ್ಲಿ ದುಡಿಯುವ ಕುಟುಂಬವೊಂದು ಮುಂಗಡ ಕೊಟ್ಟು, ತಿಂಗಳು ತಿಂಗಳು ಹಣ ಕಟ್ಟುತ್ತಾ ಅದೇ ಮನೆಯಲ್ಲಿ ವಾಸವಾಗಿತ್ತು. ಹಣ ತೀರಿದ ಮೇಲೆ ಖರೀದಿ ಪತ್ರ ಎಂಬ ಮಾತು ಬಾಂಡ್ ಪೇಪರ್ ಮೇಲಿತ್ತು, ನೋಟರಿ ಮುದ್ರೆಯೂ ಇತ್ತು. ಆದರೆ ತಿಂಗಳ ಹಣಕ್ಕೆ ಅದರಲ್ಲಿ ‘ಬಾಡಿಗೆ’ ಎಂದೇ ಬರೆದಿದ್ದರು. ಮಾಲೀಕರು ತೀರಿಕೊಂಡ ಮೇಲೆ ಅವರ ಮಗ ಮನೆ ಖಾಲಿ ಮಾಡಿ ಎಂದು ನೋಟಿಸ್ ಕಳುಹಿಸಿದರು.

“ಸಾಹೇಬರೇ, ಕರಾರು ನಮ್ಮ ಕೈಯಲ್ಲೇ ಇದೆ, ಮನೆ ನಮ್ಮದಲ್ಲವೇ?” ಎಂದು ಆ ಮನೆಯ ತಾಯಿ ಕೇಳಿದರು. ಅಲ್ಲ ಎಂದು ಹೇಳಲೇಬೇಕಾಯಿತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ ಮಾರಾಟದ ಕರಾರಿನಿಂದ ಆಸ್ತಿಯ ಮೇಲೆ ಹಕ್ಕು ಹುಟ್ಟುವುದಿಲ್ಲ. ಸ್ವಾಧೀನಕ್ಕೆ ರಕ್ಷಣೆ ಕೊಡುವ 53ಎ ಕಲಂ ಕೂಡ 2001ರ ತಿದ್ದುಪಡಿಯ ನಂತರ ನೋಂದಾಯಿಸದ ಕರಾರಿನ ನೆರವಿಗೆ ಬರುವುದಿಲ್ಲ. ಉಳಿದದ್ದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ, ಖರೀದಿ ಪತ್ರ ಬರೆದುಕೊಡಿಸಿ ಎಂದು ಕೇಳುವ ದಾವೆ. ಅದಕ್ಕೆ ನೋಂದಣಿಯಾಗದ ಕರಾರನ್ನೂ ಸಾಕ್ಷ್ಯವಾಗಿ ಹಾಜರುಪಡಿಸಬಹುದು. ಈ ದಾವೆ ಹೂಡಲು ವಾಯಿದೆ ಮೂರು ವರ್ಷ. ನೋಂದಣಿಗೆ ದಿನ ಗೊತ್ತುಮಾಡಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಮಾರುವವರ ನಿರಾಕರಣೆ ತಿಳಿದ ದಿನದಿಂದ.

ಕಟ್ಟಿದ್ದೆಲ್ಲ ಬಾಡಿಗೆ ಎಂದಾದರೆ ಮನೆಯ ಬೆಲೆ ಇಡಿಯಾಗಿ ಬಾಕಿ ಉಳಿಯುತ್ತಿತ್ತು. ಮನೆಯಲ್ಲಿರುವ ಚೀಟಿ ಚಪಾಟಿ ಎಲ್ಲವನ್ನೂ ತರಲು ಹೇಳಿದೆ. ತಂದ ಚೀಲದಲ್ಲಿ ಅರಿಶಿನದ ಕಲೆಯಾಗಿದ್ದ ಒಂದು ಸಣ್ಣ ವಹಿ ಇತ್ತು. ಮಾಲೀಕರು ಪ್ರತಿ ಸಲ ಹಣ ಪಡೆದಾಗ ‘ಮುಟ್ಟಿತು’ ಎಂದು ಬರೆದು ಸಹಿ ಮಾಡಿ, ಕೆಳಗೆ ‘ಬಾಕಿ’ ಎಂದು ಒಂದು ಮೊತ್ತ ಬರೆದಿದ್ದರು. ಆ ಮೊತ್ತ ಪುಟದಿಂದ ಪುಟಕ್ಕೆ ಇಳಿಯುತ್ತಾ ಹೋಗಿತ್ತು. ಬಾಡಿಗೆ ಎಷ್ಟು ಕಟ್ಟಿದರೂ ಹೀಗೆ ಬಾಕಿ ಇಳಿಯುವುದುಂಟೇ? ಅಂದು ನನಗಾದ ಸಂತೋಷ ಅಷ್ಟಿಷ್ಟಲ್ಲ. ಸ್ವಂತ ಖರ್ಚಿನಲ್ಲಿ ಶಹಾಬಾದ್ ಫರಸಿ ಹಾಕಿಸಿದ ಬಿಲ್ಲನ್ನೂ, ಉಳಿದ ಹಣ ಸಿದ್ಧವಿದೆ ಎಂದು ತೋರಿಸುವ ಬ್ಯಾಂಕ್ ಪಾಸ್‌ಬುಕ್ಕನ್ನೂ ಜೊತೆಗಿಟ್ಟೆ. ಕೊಳ್ಳುವವರು ತಾವು ಸಿದ್ಧರಿದ್ದೆವೆಂದು ರುಜುವಾತು ಮಾಡದೆ ಇಂಥ ದಾವೆ ನಿಲ್ಲುವುದಿಲ್ಲ.

ನಿಜವಾದ ಹೊಡೆತ ಮುದ್ರಾಂಕ ಶುಲ್ಕದ್ದು. ಸ್ವಾಧೀನ ಕೊಟ್ಟ ಮಾರಾಟ ಕರಾರಿಗೆ ಕರ್ನಾಟಕದಲ್ಲಿ ಖರೀದಿ ಪತ್ರದಷ್ಟೇ ಶುಲ್ಕ ಬೀಳುತ್ತದೆ. ಕಟ್ಟದೆ ಉಳಿದ ಶುಲ್ಕವನ್ನು ನ್ಯಾಯಾಲಯದಲ್ಲೇ ಕಟ್ಟಿ ಕರಾರನ್ನು ಸಾಕ್ಷ್ಯಕ್ಕೆ ಹಾಜರುಪಡಿಸಲು ಹೋದರೆ ಅದರ ಹತ್ತು ಪಟ್ಟು ದಂಡ. ದುಡಿದು ತಿನ್ನುವವರು ಎಲ್ಲಿಂದ ತರಬೇಕು? ಕರಾರನ್ನು ಜಿಲ್ಲಾ ನೋಂದಣಾಧಿಕಾರಿಗೆ ಕಳುಹಿಸಿ ಎಂದು ಅರ್ಜಿ ಹಾಕಿದೆ. ಅಲ್ಲಿ ಹತ್ತು ಪಟ್ಟು ಗರಿಷ್ಠ ಮಿತಿ. ಕಡಿಮೆ ಮಾಡುವ ವಿವೇಚನೆ ಅವರಿಗಿದೆ. ದಂಡ ಕಡಿಮೆಯಾಯಿತು, ಕುಟುಂಬ ಬಚಾವಾಯಿತು.

ತಂದೆಯ ಅಕ್ಷರ ನೋಡಿದ ಮೇಲೆ ಮಗ ಹೆಚ್ಚು ವಾದಿಸಲಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾಗಿ, ಬಾಕಿ ಹಣ ಪಡೆದು ಖರೀದಿ ಪತ್ರ ನೋಂದಾಯಿಸಿಕೊಟ್ಟರು.

ಈಗ ಇಂಥ ಕರಾರು ಬರೆಯಲು ಬಂದವರಿಗೆ ಮೊದಲು ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲೆ ನೋಂದಾಯಿತ ಅಡಮಾನ, ಮಾರಾಟ ಇತ್ಯಾದಿ ಇದೆಯೇ ಎಂದು ತೋರಿಸುವ ಪತ್ರ) ತೆಗೆಸಲು ಹೇಳುತ್ತೇನೆ. ತಿಂಗಳ ಹಣದಲ್ಲಿ ಬಾಡಿಗೆ ಎಷ್ಟು, ಬೆಲೆಗೆ ಜಮೆ ಎಷ್ಟು, ಒಂದು ಕಂತು ತಪ್ಪಿದರೆ ಏನು, ಮಾಲೀಕರ ವಾರಸುದಾರರೂ ಬದ್ಧರೇ ಎಂಬುದನ್ನೆಲ್ಲ ಬೇರೆ ಬೇರೆ ಸಾಲಿನಲ್ಲಿ ಬರೆಸುತ್ತೇನೆ. ಪೂರ್ಣ ಶುಲ್ಕ ಕಟ್ಟಿ, ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿದ ಮೇಲೆಯೇ ಮುಂಗಡ ಕೊಡಿಸುತ್ತೇನೆ.