ಚಳಿಗಾಲಕ್ಕೆ ಹಿತ್ತಲಿನ ಈಜುಕೊಳ ಮುಚ್ಚುವುದು ಹೇಗೆ?

ನೀರು ಹೆಪ್ಪುಗಟ್ಟಿದಾಗ ಶೇ 9ರಷ್ಟು ಹಿಗ್ಗುತ್ತದೆ. ತೆರೆದ ಕೊಳದಲ್ಲಿ ಹಿಗ್ಗಲು ಜಾಗ ಇದೆ. ಪೈಪಿನೊಳಗೆ ಎಲ್ಲಿದೆ? ಪೈಪು ಸೀಳುತ್ತದೆ, ಪಂಪು ಬಿರುಕು ಬಿಡುತ್ತದೆ. ಅದು ಗೊತ್ತಾಗುವುದು ಬೇಸಿಗೆಯಲ್ಲಿ, ಪಂಪ್ ಹಾಕಿದ ದಿನ. ಹಾಗಾಗಿ ಹಿಮ ಬೀಳುವ ಕಡೆ ಹೊದಿಕೆಗಿಂತ ಪೈಪಿನ ಬಗ್ಗೆ ಜಾಸ್ತಿ ಯೋಚಿಸಬೇಕು.

ಅವಸರ ಬೇಡ. ನೀರಿನ ಉಷ್ಣಾಂಶ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದು ಅಲ್ಲೇ ನಿಲ್ಲಲಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಒಳಗೆ ಪಾಚಿ ಬೆಳೆಯುತ್ತದೆ. ಮುಚ್ಚುವ ನಾಲ್ಕೈದು ದಿನ ಮೊದಲು ಎಲೆ, ಕಸ ತೆಗೆದು ಗೋಡೆ ಉಜ್ಜಿ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.2ರಿಂದ 7.6ರೊಳಗೆ ಇರಲಿ. ಹೆಚ್ಚಿನ ಕ್ಲೋರಿನ್ ಹಾಕಿ, ಅದು ಮಾಮೂಲಿ ಮಟ್ಟಕ್ಕೆ ಇಳಿದ ಮೇಲೆ ಪಾಚಿನಾಶಕ ಸೇರಿಸಿ. ಎರಡನ್ನೂ ಒಟ್ಟಿಗೆ ಸುರಿದರೆ ಪಾಚಿನಾಶಕ ಸುಮ್ನೆ ದಂಡ.

ಏಣಿ, ಬುಟ್ಟಿ ಎಲ್ಲ ಹೊರಗೆ ತೆಗೆಯಿರಿ. ಆಮೇಲೆ ನೀರನ್ನು ಸ್ಕಿಮ್ಮರ್ (ಮೇಲೆ ತೇಲುವ ಕಸವನ್ನು ಎಳೆದುಕೊಳ್ಳಲು ಗೋಡೆಯಲ್ಲಿರುವ ಡಬ್ಬಿ) ಬಾಯಿಗಿಂತ ನಾಲ್ಕರಿಂದ ಆರು ಇಂಚು ಕೆಳಗೆ ಇಳಿಸಿ. ಅಷ್ಟೇ ಸಾಕು. ಚಳಿಗಾಲ ಅಂತ ಪೂರ್ತಿ ಖಾಲಿ ಮಾಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಕೊಳದ ನೀರಿನ ಭಾರವೇ ಅದನ್ನು ನೆಲದಲ್ಲಿ ಹಿಡಿದಿಡುವುದು. ಬರಿದಾದರೆ ಅಡಿಯ ಅಂತರ್ಜಲ ಇಡೀ ತೊಟ್ಟಿಯನ್ನೇ ಮೇಲಕ್ಕೆತ್ತಬಹುದು.

ಈಗ ಮುಖ್ಯ ಕೆಲಸ, ಪೈಪಿನೊಳಗಿನ ನೀರನ್ನು ಗಾಳಿ ಊದಿ ಹೊರಗೆ ತಳ್ಳುವುದು. ಪಂಪ್, ಹೀಟರ್‌ಗಳ ಕರೆಂಟ್ ತೆಗೆಯಿರಿ. ಗಾಳಿ ಊದುವ ವ್ಯಾಕ್ಯೂಮ್ ಯಂತ್ರದ ಕೊಳವೆಯನ್ನು ಪಂಪಿನ ಕಡೆಯಿಂದ ಪೈಪಿಗೆ ಸೇರಿಸಿ. ಒತ್ತಡ ಜಾಸ್ತಿಯಾದರೆ ಪೈಪಿಗೇ ಪೆಟ್ಟು. ಪೈಪಿನ ನೀರು ಕೊಳಕ್ಕೆ ಬರುವ ಗೋಡೆಯ ತೂತನ್ನು ನೋಡುತ್ತಿರಿ. ಮೊದಲು ನೀರು ತಳ್ಳಿಕೊಂಡು ಬರುತ್ತದೆ. ಆಮೇಲೆ ಗುಳುಗುಳು ಗುಳ್ಳೆ. ಗುಳ್ಳೆ ಬಂತು ಅಂತ ತಕ್ಷಣ ನಿಲ್ಲಿಸಬೇಡಿ. ಒಂದೇ ಸಮ, ಜೋರಾಗಿ ಬರುವವರೆಗೆ ಬಿಡಿ. ಗಾಳಿ ಬರುತ್ತಿರುವಾಗಲೇ ಮುಂಗೈವರೆಗೆ ಕೈ ಮುಳುಗಿಸಿ ಆ ತೂತಿಗೆ ರಬ್ಬರ್ ಬಿರಡೆ ಒತ್ತಿ ತಿರುಪಿ. ಗಾಳಿ ನಿಂತ ಮೇಲೆ ಹಾಕಿದರೆ ನೀರು ಮತ್ತೆ ಒಳಗೆ ನುಗ್ಗಿರುತ್ತದೆ, ಪಟ್ಟ ಶ್ರಮವೆಲ್ಲ ನೀರುಪಾಲು. ತಳದ ಪೈಪಿಗೆ ಬಿರಡೆ ಹಾಕಲು ಆಗುವುದಿಲ್ಲ. ಕೊಳದ ನಡುವೆ ಗುಳ್ಳೆ ಎದ್ದಾಗ ಆ ಪೈಪಿನ ವಾಲ್ವ್ ಮುಚ್ಚಿ, ಸಿಕ್ಕಿಕೊಂಡ ಗಾಳಿಯೇ ನೀರನ್ನು ತಡೆಯುತ್ತದೆ.

ಸ್ಕಿಮ್ಮರ್ ಒಳಗೆ ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಬಾಟಲಿ ನಿಲ್ಲಿಸಿ. ಮಂಜುಗಡ್ಡೆ ಹಿಗ್ಗಿದಾಗ ಬಾಟಲಿ ಅಪ್ಪಚ್ಚಿಯಾಗುತ್ತದೆ, ಸ್ಕಿಮ್ಮರ್ ಉಳಿಯುತ್ತದೆ. ಒಳ್ಳೆಯ ವ್ಯಾಪಾರ, ಅಲ್ವಾ? ಪೈಪಿಗೆ ಆಂಟಿಫ್ರೀಜ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ಹಾಕುವುದಾದರೆ ಪೂಲ್‌ಗೆಂದೇ ಸಿಗುವ ಪ್ರೊಪಿಲೀನ್ ಗ್ಲೈಕಾಲ್ ಹಾಕಿ. ಕಾರಿನದ್ದು ಬೇಡ, ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ.

ಪಂಪ್, ಫಿಲ್ಟರ್, ಹೀಟರ್‌ಗಳ ತಳದ ತಿರುಪು ಬಿಚ್ಚಿ ನೀರು ಬಸಿಯಿರಿ. ಬಿಚ್ಚಿದ ತಿರುಪುಗಳನ್ನು ಪಂಪಿನ ಬುಟ್ಟಿಯಲ್ಲೇ ಇಡಿ, ಬೇಸಿಗೆಯಲ್ಲಿ ಹುಡುಕಾಟ ತಪ್ಪುತ್ತದೆ.

ಕೊನೆಗೆ ಹೊದಿಕೆ. ಅಂಚು ಎಲ್ಲೂ ಸಡಿಲ ಇರಬಾರದು. ಮಳೆ ಬಂದರೆ, ಹಿಮ ಕರಗಿದರೆ ಮೇಲೆ ನೀರು ನಿಲ್ಲುತ್ತದೆ. ಚಿಕ್ಕ ಮಗು ಮುಳುಗಲು ಆ ಒಂದೆರಡು ಇಂಚು ನೀರೇ ಸಾಕು. ಆಗಾಗ ಹೋಗಿ ನೋಡಿ, ನಿಂತ ನೀರನ್ನು ಸಣ್ಣ ಪಂಪಿನಿಂದ ತೆಗೆಯಿರಿ. ಹಿತ್ತಲಿನ ಗೇಟಿಗೆ ಚಳಿಗಾಲದಲ್ಲೂ ಚಿಲಕ ಇರಲಿ.